ಕನ್ನಡಿ ಕಾವಲಿ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಹೋಟೆಲುಗಳಿಗೆ ಕರೆಂಟಿನ ದೋಸೆ ಕಾವಲಿ ಮಾಡಿಸುತ್ತಿದ್ದ ಕಶ್ಯಪ್ ಅವರು ಸಿಂಗಪುರಕ್ಕೆ ಹೋಗಿ ಬಂದ ಮೇಲೆ ಬದಲಾಗಿಬಿಟ್ಟರು. ಕಾವಲಿಗಳಿಗೆಲ್ಲ ಕ್ರೋಮಿಯಂ ಹಾಕಿಸಿ, ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ಹೊಳಪು ಕೊಡಿಸಿದರು. ಸೊಂಟಕ್ಕೆ ಪಿಸ್ತೂಲಿನಂಥ ಮೀಟರೊಂದನ್ನು ಸಿಕ್ಕಿಸಿಕೊಂಡರು. ಮುಟ್ಟದೆ ದೂರದಿಂದ ಗುರಿಯಿಟ್ಟರೆ ಸಾಕು, ಬಿಸಿ ಎಷ್ಟೆಂದು ಅದರಲ್ಲಿ ಅಂಕಿ ಮೂಡುತ್ತಿತ್ತು. ಕಾಫಿ ಲೋಟ, ಕಾರಿನ ಬಾನೆಟ್ಟು, ಅಕೌಂಟೆಂಟರ ಬೋಳುತಲೆ, ಯಾವುದನ್ನೂ ಅವರು ಬಿಡಲಿಲ್ಲ.

ಆ ಕಂಪನಿಯ ಟೆಸ್ಟಿಂಗ್ ವಿಭಾಗವೆಂದರೆ ತುಂಗಾ ಒಬ್ಬಳೇ. ಚೆನ್ನಾಗಿ ಕಾದ ಹೊಸ ಕಾವಲಿಗೆ ಮೀಟರು ಬರೀ ಐವತ್ತಾರು ಡಿಗ್ರಿ ತೋರಿಸಿದಾಗ ಅವಳಿಗೆ ಕಾರಣ ಹೊಳೆಯಿತು.

"ಸಾರ್, ಹೊಳೆಯೋ ಲೋಹ ತನ್ನ ಶಾಖಾನ ಹೊರಗೆ ಬಿಡೋದು ತುಂಬಾ ಕಮ್ಮಿ. ಮೀಟರಿಗೆ ಕಾಣ್ತಾ ಇರೋದು ಹೆಚ್ಚಾಗಿ ಅದರಲ್ಲಿ ಪ್ರತಿಫಲಿಸೋ ನಮ್ಮ ಸೂರಿನ ಬಿಸಿ."

"ಮೀಟರು ಸುಳ್ಳು ಹೇಳುತ್ತೇನಮ್ಮ? ಇಂಪೋರ್ಟೆಡ್ಡು! ಶಾಖ ಜಾಸ್ತಿ ಮಾಡು."

ಅವಳು ಬೇಡವೆಂದಳು. ಕಶ್ಯಪ್ ತಾವೇ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು.

ಅಷ್ಟರಲ್ಲಿ ಅತ್ತಿಗುಪ್ಪೆಯಲ್ಲಿ ದರ್ಶಿನಿ ನಡೆಸುವ ಚಿಕ್ಕಹನುಮಯ್ಯನವರು ಕಾವಲಿ ನೋಡಲು ಬಂದರು. ತಮ್ಮ ಹೋಟೆಲಿನ ಹಿಟ್ಟನ್ನೇ ತಂದಿದ್ದರು. ಒಂದು ಸೌಟು ಹುಯ್ದರು. ಹರಡುವ ಮೊದಲೇ ಅದು ಹೊಗೆಯೆದ್ದು ಇದ್ದಿಲಾಯಿತು.

ಕಶ್ಯಪ್ ಗುರಿಯಿಟ್ಟರು. ನೂರು ಡಿಗ್ರಿ. "ಕಾವಲಿ ಇನ್ನೂ ಸರಿಯಾಗಿ ಕಾದೇ ಇಲ್ಲ ಸ್ವಾಮಿ. ನಿಮ್ಮ ಹಿಟ್ಟಲ್ಲೇ ಏನೋ ದೋಷ ಇದೆ."

"ಮೂವತ್ತು ವರ್ಷದಿಂದ ಇದೇ ಹಿಟ್ಟು ಕಣಯ್ಯ!" ಚಿಕ್ಕಹನುಮಯ್ಯ ಪಾತ್ರೆಯೆತ್ತಿಕೊಂಡು ಹೊರಟೇಬಿಟ್ಟರು.

ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ತುಂಗಾ ಸ್ವಿಚ್ಚು ಆರಿಸಿದಳು. ಕಾವಲಿ ತಣಿದ ಮೇಲೆ, ಸ್ಕೂಟರಿನ ಸೈಲೆನ್ಸರಿಗೆ ಬಳಿಯುವ ಕಪ್ಪು ಬಣ್ಣ ತಂದು, ಅಂಚಿನಲ್ಲಿ ರೂಪಾಯಿಯಗಲದ ಬೊಟ್ಟಿಟ್ಟಳು. ಬಣ್ಣ ಒಣಗಿದ ಮೇಲೆ, ಗುಂಡಿ ತಗ್ಗಿಸಿ ಮತ್ತೆ ಕಾಯಿಸಿದಳು. ಬೊಟ್ಟಿನ ಮೇಲೆ ಮೀಟರು ದೋಸೆಗೆ ಬೇಕಾದ ಇನ್ನೂರು ಡಿಗ್ರಿ ತೋರಿಸುವಾಗ, ಪಕ್ಕದ ಹೊಳಪಿನ ಮೇಲೆ ಐವತ್ತಾರೇ ಇತ್ತು.

"ಕನ್ನಡಿಯಂಥ ಕಾವಲಿಗೆ ಮಸಿ ಬಳಿದ್ಯಲ್ಲೇ!" ಕಶ್ಯಪ್ ಕೂಗಾಡುತ್ತಿದ್ದಾಗ, ಬಿಟ್ಟುಹೋದ ಸೌಟಿಗಾಗಿ ಚಿಕ್ಕಹನುಮಯ್ಯ ವಾಪಸು ಬಂದರು. ಬೊಟ್ಟು ನೋಡಿ ಅವರ ಮುಖ ಅರಳಿತು.

"ದೃಷ್ಟಿಬೊಟ್ಟಾ ಮೇಡಂ? ಮೊದಲೇ ಇಡಬಾರದಿತ್ತಾ? ಇಷ್ಟು ಥಳಥಳ ಅಂದ್ರೆ ಕಣ್ಣು ಬೀಳದೆ ಇರುತ್ತಾ?"

ಗಾಡಿಯಲ್ಲಿದ್ದ ಹಿಟ್ಟಿನ ಪಾತ್ರೆ ತಂದು ಮತ್ತೊಂದು ಸೌಟು ಹುಯ್ದರು. ದೋಸೆ ಹೊಂಬಣ್ಣಕ್ಕೆ ತಿರುಗಿ, ಅಂಚು ತಾನಾಗಿ ಮೇಲೆದ್ದಿತು. ನಾಲ್ಕು ಕಾವಲಿಗೆ ಆರ್ಡರು ಅಲ್ಲೇ ಕೊಟ್ಟರು.

"ಇದು ನಮ್ಮ ಕಂಪನಿ ಸಂಪ್ರದಾಯ ಸ್ವಾಮಿ," ಎಂದರು ಕಶ್ಯಪ್, ಕಣ್ಣು ಮಿಟುಕಿಸದೆ.

ತುಂಗಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಿಜ ಹೇಳಲು ಬಾಯಿ ತೆರೆದವಳು, ಹೊಗೆಯಿಲ್ಲದ ದೋಸೆಯನ್ನು ನೋಡಿ, ಅದರ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. ವಾರದೊಳಗೆ ಕಾರ್ಖಾನೆಯ ಎಲ್ಲ ಕಾವಲಿಗಳಿಗೂ ಬೊಟ್ಟು ಬಿತ್ತು. ಪುರೋಹಿತರೊಬ್ಬರು ಬಂದು, ಅದು ಈಶಾನ್ಯ ಮೂಲೆಯಲ್ಲಿರಬೇಕೆಂದರು. ಆ ಮೂಲೆಯ ಕೆಳಗೆ ಕಾವಲಿ ಕಾಯಿಸುವ ಕರೆಂಟಿನ ಕಾಯಿಲ್ ಇರಲಿಲ್ಲ; ಬೊಟ್ಟು ಅಲ್ಲಿದ್ದರೆ ಮೀಟರು ಮತ್ತೆ ಕಮ್ಮಿ ತೋರಿಸುತ್ತಿತ್ತು.

"ಬೇಡ ಸಾರ್, ಕಾಯಿಲ್ ಮೇಲೇ ಇರಬೇಕು," ತುಂಗಾ ಗಂಭೀರವಾಗಿ ಹೇಳಿದಳು. "ಶಾಸ್ತ್ರದಲ್ಲಿ ಹಾಗೇ ಇದೆ."

"ಯಾವ ಶಾಸ್ತ್ರಮ್ಮ?"

"ಭೌತಶಾಸ್ತ್ರ ಸಾರ್."

ಕಶ್ಯಪ್ ಕೈಮುಗಿದರು. ಪುರೋಹಿತರೂ ತಲೆಯಾಡಿಸಿದರು.