ಕಣ್ಣಿದ್ದವರ ಕಾವಲು

ಕಣ್ಣು ಇಲ್ಲದವರಿಗೆ ಕಿವಿ ಭಾಳ ಚುರುಕಂತ. ನಮ್ಮ ತಿಕೋಟಾದಾಗ ಎಲ್ಲಾರೂ ಇದನ್ನ ನಂಬ್ಯಾರ. ನಂಬಿದ ಮ್ಯಾಲೂ ನನ್ನ ಕಿವ್ಯಾಗ ಬಂದು ಒದರತಾರ, "ಶಾಂಭವೀ, ನಾ ಯಾರು ಹೇಳು ನೋಡೂಣು?" ಚುರುಕೂ ಇಲ್ಲ ಗಿರುಕೂ ಇಲ್ರಿ. ನಿಮ್ಮ ಕಿವಿ, ಮೂಗು ಸುಮ್ನ ಕುಂತಾವು, ನನ್ನವನ್ನ ನಾ ದುಡಿಸಾಕತ್ತೇನಿ. ಅಷ್ಟ ಫರಕ.

ನನಗ ವಿಜಯಪುರದ ಒಂದು ದವಾಖಾನ್ಯಾಗ ಫೋನ್ ಎತ್ತಿ ಮಾತಾಡೋ ನೌಕರಿ ಸಿಕ್ತು. ಸೋಮವಾರ ಹಾಜರ ಆಗಬೇಕು. ಅವ್ವ ಮೊದಲ ಖುಷಿಗೆ ಅತ್ಲು, ಆಮ್ಯಾಲ ಅಂಜಿ ಅತ್ಲು. ಅಣ್ಣ ಸತೀಶಕುಮಾರ ಅಳಲಿಲ್ಲ, ಕರಾರ ಹಾಕಿದ.

"ಶನಿವಾರ ಒಬ್ಬಾಕಿನ ಹೋಗಿ ಒಬ್ಬಾಕಿನ ತಿರುಗಿ ಬಾ. ಬಂದ್ರ ನೌಕರಿ. ಎಲ್ಲ್ಯರ ದಾರಿ ತಪ್ಪಿದಿ ಅಂದ್ರ ಮನ್ಯಾಗ ಕುಂತು ಜ್ವಾಳಾ ಹಸನ ಮಾಡು."

"ನೀ ಹಿಂದ ಬರಬಾರದು ನೋಡು."

"ಶೆಡ್ಡಿನಾಗ ಒಣದ್ರಾಕ್ಷಿ ತೂಕ ಐತಿ. ನಾ ಯಾಕ ಬರ್ಲಿ? ದೇವರ ಆಣಿ!" ಅಂದ.

ಶನಿವಾರ ದವಾಖಾನಿ ತನಕಾ ಹೋಗೂದು ಏನೂ ತ್ರಾಸ ಆಗಲಿಲ್ಲ. ಮುಂದಿನ ನೆಲ ಕೋಲು ಹೇಳತೈತಿ, ಉಳದದ್ದು ಅಂಗಾಲು ಹೇಳತೈತಿ. ಗ್ವಾಡಿ ಬಾಜೂಕ ಇದ್ರ ನನ್ನ ಚಪ್ಪಲಿ ಸಪ್ಪಳ ನನಗ ತಿರುಗಿ ಬರತೈತಿ. ಗ್ವಾಡಿ ಮುಗದು ಸಂದಿ ಬಂತಂದ್ರ ಆ ಸಪ್ಪಳ ಒಮ್ಮೆಲೇ ಹೋಗಿ ಗಲ್ಲಕ್ಕ ಗಾಳಿ ತಾಗತೈತಿ. ಹಿಟ್ಟಿನ ಗಿರಣಿ, ಭಜಿ ಅಂಗಡಿ, ಔಷಧದ ಅಂಗಡಿ, ಇವಕ್ಕ ಬೋರ್ಡ ಯಾಕ ಬೇಕು? ತೊಡಕು ಅಂದ್ರ ಮಂದಿ. ಕಿವಿಗೊಟ್ಟು ಅಂದಾಜ ಹಾಕಾಕ ನಿಂತ್ರ ಸಾಕು, "ಅಯ್ಯೋ ಪಾಪ" ಅಂತ ರಟ್ಟಿ ಹಿಡದು ಎಳದ ಬಿಡ್ತಾರ. ಎಳದ ಮ್ಯಾಲ ನಾ ಎಲ್ಲಿ ನಿಂತಿದ್ದೆ ಅನ್ನೂದ ನನಗ ತಿಳ್ಯಂಗಿಲ್ಲ.

ಬೆನ್ನ ಹಿಂದ ಮುಂಜಾನಿಂದ ಒಂದು ಕೆಮ್ಮು ಬರಾಕತ್ತಿತ್ತು. ಜೋಡಿಗೆ ಅಂಗಿಗೆ ಹತ್ತಿದ ಗಂಧಕದ ವಾಸನಿ. ಒಣದ್ರಾಕ್ಷಿ ಶೆಡ್ಡಿನಾಗ ಗಂಧಕದ ಹೊಗಿ ಹಾಕಿ ಹಾಕಿ ಅಣ್ಣಗ ಆ ವಾಸನಿ ತೊಗಲಿಗೇ ಇಳದೈತಿ. ಸಿಟ್ಟು ನೆತ್ತಿಗೇರಿತು. ದೇವರ ಆಣಿ ಹಾಕಿದ ಮನಷ್ಯಾ ಕಳ್ಳನಂಗ ಹಿಂದಿಂದ ಬರಾಕತ್ತಾನ! ಆದ್ರ ಗೊತ್ತಿಲ್ಲದಂಗ ಕೋಲು ಊರಿ ನಡದೆ. ನೋಡ್ಲಿ, ಕಣ್ತುಂಬ ನೋಡ್ಲಿ ಅಂದ್ಕೊಂಡೆ.

ಸಂಜೀಕ ತಿರುಗಿ ಬರೂಮುಂದ ವಿಜಯಪುರ ಬಸ್ ಸ್ಟ್ಯಾಂಡಿನಾಗ ಹೆಣ್ಣಮಕ್ಕಳ ಗದ್ದಲ ಅಂದ್ರ ಗದ್ದಲ. ತಿಕೀಟು ಪುಕ್ಕಟ ಆದಾಗಿಂದ ಎಲ್ಲಾರೂ ತವರಮನಿಗೆ ಹೊಂಟಾರ. ಬಾಜೂಕ ನಿಂತ ಒಬ್ಬ ಹಿರೇರನ್ನ ಕೇಳಿದೆ, "ತಿಕೋಟಾ ಬಸ್ ಎಲ್ಲಿ ಹಚ್ಚ್ಯಾರ್ರಿ?"

"ಬಾ ತಂಗಿ, ಬಿಡಾಕತ್ತೈತಿ!" ಅಂದವ್ರ ರಟ್ಟಿ ಹಿಡದ್ರು. ಬ್ಯಾಡ್ರಿ ಅನ್ನೂದ್ರಾಗ ಎಳಕೊಂಡು ಹೋಗಿ ಒಂದು ಬಸ್ಸಿನ ಮುಂದಿನ ಬಾಗಲಾಗ ತುರುಕಿ ಬಿಟ್ರು. ಹಿಂದಿನ ಬಾಗಲಾಗ ಅಣ್ಣನ ಕೆಮ್ಮು ಹತ್ತಿತು.

ಹತ್ತಿದ್ದ ತಡ, ಏನೋ ಬ್ಯಾರೆ ಅನಿಸ್ತು. ನಮ್ಮ ಬಸ್ಸಿನಾಗ ಮಂದಿ ದ್ರಾಕ್ಷಿ ಬಿಟ್ಟು ಮತ್ತೊಂದು ಮಾತಾಡಂಗಿಲ್ಲ. ಇಲ್ಲಿ ಯಾರೂ ದ್ರಾಕ್ಷಿ ಸುದ್ದಿ ಎತ್ತವಲ್ರು. ಒಬ್ಬಾಕಿ ತೊಗರಿ ಅಂತಾಳ, ಮತ್ತೊಬ್ಬಾಕಿ ಹಿಪ್ಪರಗ್ಯಾಗ ಇಳೀತೇನಿ ಅಂತಾಳ.

"ಯಕ್ಕಾ, ಇದು ಯಾ ಊರ ಬಸ್?"

"ತಾಳಿಕೋಟಿದು ಬೇ."

ಕೋಟಾ ಹೋಗಿ ಕೋಟಿ ಆಗಿತ್ತು! ಆ ಪುಣ್ಯಾತ್ಮಗ ಅರ್ಧಾ ಹೆಸರ ಅಷ್ಟ ಕೇಳಿತ್ತು. ನಮ್ಮೂರು ಪಡುವಣಕ್ಕ, ಅದು ಮೂಡಣಕ್ಕ. "ನಿಂದರಸ್ರೀ!" ಅಂತ ಒದರಿ ಹತ್ತಿದ ಬಾಗಲದಿಂದನ ಇಳದೆ. ಹಿಂದ ಗದ್ದಲದಾಗ ಸಿಕ್ಕ ಅಣ್ಣಗ ನಾ ಇಳದದ್ದ ಕಾಣಲಿಲ್ಲ. ಬಸ್ ಹೊಂಟ್ತು, ಕೆಮ್ಮೂ ಅದರ ಜೋಡಿ ಹೊಂಟ್ತು.

ಕೂಗಬಹುದಿತ್ತು. ಆದ್ರ ಯಾರನ್ನ ಕೂಗ್ಲಿ? ಅಣ್ಣ ಶೆಡ್ಡಿನಾಗ ಅದಾನ, ದೇವರ ಆಣಿ ಮಾಡ್ಯಾನ. ಶೆಡ್ಡಿನಾಗ ಇದ್ದವನ್ನ ತಾಳಿಕೋಟಿ ಬಸ್ಸಿನಿಂದ ಇಳಸೂದು ಹ್ಯಾಂಗ?

ಆಮ್ಯಾಲ ಯಾರ ಕೈಗೂ ಸಿಗದಂಗ ಕೋಲು ಮುಂದ ಮಾಡಿ, ಕಂಡಕ್ಟರ ಒದರೂ ದನಿ ಹಿಡದು ನಮ್ಮ ಬಸ್ಸಿಗೆ ಹೋದೆ. ಅವನ್ನ ಎರಡ ಸಲ ಕೇಳೇ ಹತ್ತಿದೆ. ಬಸ್ ಊರ ದಾಟಿದ ಮ್ಯಾಲ ಇಳಿಬಿಸಲು ಮಾರಿಗೆ ಬಡೀತು, ಪಡುವಣಕ್ಕ ಹೊಂಟೇವಿ ಅಂತ ಗಟ್ಟಿ ಆತು. ಮನಿ ಮುಟ್ಟಿ ಚಾ ಕುಡದೆ. ಎಷ್ಟ ಖುಷಿ ಆಗಿತ್ತಂದ್ರ ಅವ್ವನ ತೆಕ್ಕಿ ಬಡದು ಕುಣದೆ.

ದೀಪಾ ಹಚ್ಚಿ ಭಾಳ ಹೊತ್ತಾದ ಮ್ಯಾಲ ಅಣ್ಣ ಬಂದ. ಹೊಸ್ತಿಲದಾಗಿಂದನ ಶುರು ಮಾಡಿದ.

"ಎಲ್ಲಿ ಇಳದಿ ಲೇ? ಹಿಪ್ಪರಗಿ ತನಕಾ ಹೋಗಿ ಬಂದೇನಿ! ಬಸ್ಸೆಲ್ಲಾ ಹುಡಕೇನಿ!"

"ಬೋರ್ಡ ನೋಡಲಿಲ್ಲೇನಪಾ?"

"ನೋಡೇನಿ! ಮುಂದ 'ತ' ಕಂಡ್ತು, ಹಿಂದ 'ಕೋಟ' ಕಂಡ್ತು. ನಡಬರಕ ಯಾವನೋ ಗಂಟು ಇಟ್ಟಿದ್ದ. ಗುಡಸು, ದೀರ್ಘ ಯಾರು ನೋಡ್ತಾರ?"

ನಾ ಬಿದ್ದು ಬಿದ್ದು ನಕ್ಕೆ. ಅವ್ವನೂ ನಕ್ಲು. ನಗು ನಿಂತ ಮ್ಯಾಲ ಅಣ್ಣ ಕೆಮ್ಮಿ ತೀರ್ಪ ಕೊಟ್ಟ:

"ನಗ್ರಿ. ಆದ್ರ ಇಚಾರ ಮಾಡ್ರಿ. ಕಣ್ಣಿದ್ದ ನಾನ ದಾರಿ ತಪ್ಪೇನಿ. ಕಣ್ಣ ಇಲ್ಲದಾಕಿನ್ನ ಒಬ್ಬಾಕಿನ್ನ ಹ್ಯಾಂಗ ಬಿಡೂದು?"

"ಖರೇ ಅಂತಾನ ನೋಡವಾ," ಅಂದ್ಲು ಅವ್ವ.

"ನಾ ಬಂದೇನಲ್ಲ ಮನಿಗೆ! ಕುಂತೇನಲ್ಲ ನಿಮ್ಮ ಮುಂದ!" ಅಂತ ಚೀರಿದೆ. ಯಾರೂ ಕಿವಿ ಮ್ಯಾಲ ಹಾಕ್ಕೊಳಲಿಲ್ಲ. ಸೋಮವಾರದಿಂದ ಅಣ್ಣನ ಜೋಡಿಗೆ ಬರೂದು ಅಂತ ಗೊತ್ತ ಮಾಡಿದ್ರು. ಬ್ಯಾಡಂದ್ರ ನೌಕರಿ ಇಲ್ಲ.

ಸೋಮವಾರ ವಿಜಯಪುರದಾಗ ಇಳದ್ವಿ. ಅಣ್ಣ ನನ್ನ ಕೈ ಜಪ್ಪಿಸಿ ಹಿಡದಿದ್ದ. "ಎಂಥಾ ಅಣ್ಣ ಸಿಕ್ಕಾನವಾ ನಿನಗ, ಪುಣ್ಯ ಮಾಡೀದಿ," ಅಂದು ಒಬ್ಬಾಕಿ ಮುಂದ ಹೋದ್ಲು. ಅಣ್ಣ ನಿಂತ. ಕೆಮ್ಮಿದ. ಯಾರಿಗೂ ಕೇಳದಂಗ ನನ್ನ ಕಿವ್ಯಾಗ ಬಗ್ಗಿ ಕೇಳಿದ, "ದವಾಖಾನಿ ಯಾ ಕಡೆ ಬೇ? ಶನಿವಾರ ನಿನ್ನ ಅಷ್ಟ ನೋಡಕೋತ ಬಂದೆ, ದಾರಿ ನೋಡಲಿಲ್ಲ."

"ಕೈ ಬಿಡು, ಹೇಳತೇನಿ," ಅಂದೆ.