ಬೋರ್ಡ್ ರೂಮಿನ ನವಾಬರು

ನೈರೋಬಿಯ ಕರೆನ್ ಬಡಾವಣೆಯ ಹಳೆಯ ಬಂಗಲೆಯೊಂದರ ಸಾಮಾನು ಹರಾಜಾದಾಗ ಶ್ರೀನಿವಾಸಮೂರ್ತಿಗಳು ಆರು ಚಿತ್ರಗಳನ್ನು ಕಟ್ಟು ಸಮೇತ ಕೊಂಡು ತಂದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ, ರಿವರ್‌ಸೈಡ್ ಬಡಾವಣೆಯಲ್ಲಿದ್ದ ನೈರೋಬಿ ಶಾಖೆಗೆ ಅವರೇ ಮುಖ್ಯಸ್ಥರು. ಕಾರಿನಿಂದ ಇಳಿದವರೇ ಲಕ್ಷ್ಮೀಶನನ್ನು ಕರೆದರು.

“ನೋಡ್ರಿ ಲಕ್ಷ್ಮೀಶ, ಇನ್ನೂರು ವರ್ಷ ಹಳೇದು. ಲಂಡನ್ನಿಂದು. ಕ್ಲಾಸ್ ಅಂದ್ರೆ ಇದು. ಬೋರ್ಡ್ ರೂಮಲ್ಲಿ ಹಾಕ್ಸಿ.”

ಲಕ್ಷ್ಮೀಶ ಅಡ್ಮಿನ್ ಮ್ಯಾನೇಜರ್. ಎಸಿ ಕೆಟ್ಟರೂ, ಜನರೇಟರ್ ಹೊಗೆ ಉಗುಳಿದರೂ, ಯಾರದೋ ವರ್ಕ್ ಪರ್ಮಿಟ್ ತಡವಾದರೂ ಎಲ್ಲರೂ ಹುಡುಕುತ್ತಿದ್ದುದು ಅವನನ್ನೇ. ಮೊಳೆ ಹೊಡೆಯುವವನು ಬರಲಿಲ್ಲವೆಂದು ಅವತ್ತು ತಾನೇ ಏಣಿ ಹತ್ತಿದ. ಮೂರ್ತಿಗಳು ಕೆಳಗೆ ನಿಂತು, “ಸ್ವಲ್ಪ ಎಡಕ್ಕೆ... ಅಯ್ಯೋ, ಅಷ್ಟಲ್ಲಾರೀ” ಎನ್ನುತ್ತ ಸಂಜೆಯವರೆಗೂ ಅವನನ್ನು ಇಳಿಯಗೊಡಲಿಲ್ಲ.

ಹತ್ತಿರದಿಂದ ನೋಡಿದಾಗಲೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ನಡುವಿನ ಚಿತ್ರದಲ್ಲಿ ಬಿಳಿ ಟೋಪನ್ನಿನ ಧಡೂತಿಯೊಬ್ಬ ಕುರ್ಚಿಯಲ್ಲಿ ಕುಕ್ಕರಿಸಿದ್ದ. ಹೊಟ್ಟೆಯ ಒತ್ತಡಕ್ಕೆ ಕೋಟಿನ ಗುಂಡಿಗಳು ಹಾರಿಹೋಗುತ್ತಿದ್ದವು, ಜೇಬುಗಳಿಂದ ಮುತ್ತಿನ ಸರಗಳು ಜೋಲುತ್ತಿದ್ದವು. ಹಿಂದೆ ನಿಂತ ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಮರುದಿನ ರಿಸೆಪ್ಷನ್ನಿನ ಸೆಲಿನ್ ವಿಷಯ ಬಿಡಿಸಿ ಹೇಳಿದಳು. ಅವಳು ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆ. “ಇವು ಗೇಲಿ ಮಾಡೋ ಚಿತ್ರಗಳು, ಮಿಸ್ಟರ್ ಲಕ್ಷ್ಮೀಶ. ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ, ಕೈಯಲ್ಲೇ ಬಣ್ಣ ಬಳಿದು ಮಾರ್ತಿದ್ರು. ಅಂಗಡಿ ಕಿಟಕಿಯಲ್ಲಿ ತೂಗುಹಾಕಿದ್ರೆ ಸಾಕು, ದಾರಿಯಲ್ಲಿ ಹೋಗೋರೆಲ್ಲ ನಿಂತು ದೊಡ್ಡವರನ್ನ ನೋಡಿ ನಗ್ತಿದ್ರು. ಈ ದಪ್ಪ ಮನುಷ್ಯ ಯಾರು ಗೊತ್ತಾ? ನಿಮ್ಮ ದೇಶಕ್ಕೆ ಹೋಗಿ, ದೋಚಿ, ಊರಿಗೆ ವಾಪಸ್ ಬಂದವನು. ಇಂಥವರನ್ನ ನವಾಬರು ಅಂತ ಅಲ್ಲಿನ ಜನ ಆಡಿಕೊಳ್ತಿದ್ರು.”

ಲಕ್ಷ್ಮೀಶ ಹಣೆ ಒತ್ತಿಕೊಂಡ. ಇಂಡಿಯಾವನ್ನು ದೋಚಿದವನನ್ನು ಇಂಡಿಯಾದ ಕಂಪನಿಯ ಗೋಡೆಗೆ ತಾನೇ ಏಣಿ ಹತ್ತಿ ಏರಿಸಿದ್ದ. ಹೋಗಿ ಮೂರ್ತಿಗಳಿಗೆ ಹೇಳಿದ. ಅವರು ಕೆಂಪು ನಾಮದ ಹಣೆ ಗಂಟಿಕ್ಕಿ, ಕನ್ನಡಕದ ಮೇಲಿಂದ ಅವನನ್ನೇ ನೋಡಿದರು.

“ನಿಮಗೆ ಆರ್ಟ್ ಗೊತ್ತೇನ್ರಿ?”

“ಇಲ್ಲ ಸರ್, ಆದ್ರೆ ಸೆಲಿನ್...”

“ಅದಕ್ಕೇ ಹೇಳಿದ್ದು. ಮುಂದಿನ ಶುಕ್ರವಾರ ಬೆಂಗಳೂರಿಂದ ಶಾಂತಾ ಮೇಡಂ ಬರ್ತಿದಾರೆ. ಆ ನಡುವಿಂದನ್ನ ಅಲ್ಲೇ ಬೋರ್ಡ್ ರೂಮಲ್ಲಿ ನನ್ನ ಕುರ್ಚಿ ಹಿಂದಕ್ಕೆ ತಂದು ಹಾಕಿ. ಶನಿವಾರ ಬಂದು ಮುಗಿಸಿಬಿಡಿ.”

ಅವತ್ತು ರಾತ್ರಿ ಊಟದ ಹೊತ್ತಿಗೆ ಲಕ್ಷ್ಮೀಶ ಹೆಂಡತಿ ವತ್ಸಲಾಳ ಮುಂದೆ ಎಲ್ಲವನ್ನೂ ಕಕ್ಕಿದ. ಮೂರ್ತಿಗಳ ದನಿ ತೆಗೆದ, ಅವರು ಎರಡು ಫೋನುಗಳನ್ನು ಎರಡು ಕಿವಿಗೆ ಹಿಡಿಯುವುದನ್ನು ಮಾಡಿ ತೋರಿಸಿದ. ಹದಿನಾಲ್ಕರ ಮಗಳು ನಿಕಿತಾ ಬಿದ್ದು ಬಿದ್ದು ನಕ್ಕಳು. ಸ್ಕೂಲಿನಲ್ಲಿ ಹಳೆಯ ಚಿತ್ರವೊಂದನ್ನು ನೋಡಿ ಬಿಡಿಸಿಕೊಂಡು ಬರಲು ಹೇಳಿದ್ದರಂತೆ. “ಅಪ್ಪ, ಕ್ಯಾನ್ ಐ ಕಮ್ ಆನ್ ಸ್ಯಾಟರ್ಡೇ?” ಎಂದಳು.

ಶನಿವಾರ ಅವನು ಮತ್ತೆ ಏಣಿಯ ಮೇಲಿದ್ದ. ಮೂರ್ತಿಗಳು ಮತ್ತೆ ಕೆಳಗಿದ್ದರು. ನಿಕಿತಾ ಮೂಲೆಯಲ್ಲಿ ಕೂತು ಪೆನ್ಸಿಲ್ ಓಡಿಸುತ್ತಿದ್ದಳು. ಹೊರಡುವ ಮೊದಲು ಅವಳು ಸೆಲಿನ್‌ಗೆ ಒಂದು ಹಾಳೆ ಕೊಟ್ಟಿದ್ದನ್ನು ಅವನು ನೋಡಿದ, ತಲೆಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಟೀ ಮಷೀನಿನ ಹತ್ತಿರ ಜನ ಮುತ್ತಿಕೊಂಡಿದ್ದರು. ಅವನನ್ನು ಕಂಡದ್ದೇ ದಾರಿ ಬಿಟ್ಟರು. ಗೋಡೆಗೆ ಆ ಹಾಳೆ ಅಂಟಿಸಿತ್ತು. ಅದೇ ಟೋಪನ್ನು, ಹಾರುವ ಅದೇ ಗುಂಡಿಗಳು. ಆದರೆ ಧಡೂತಿಯ ಹಣೆಯ ಮೇಲೆ ಕೆಂಪು ನಾಮ, ಮೂಗಿನ ತುದಿಗೆ ಕನ್ನಡಕ, ಎರಡು ಕಿವಿಗೆ ಎರಡು ಫೋನು. ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡ ಲಕ್ಷ್ಮೀಶನ ಕಣ್ಣು ಅಷ್ಟರಲ್ಲಿ ಧಡೂತಿಯ ಹಿಂದಕ್ಕೆ ಹೋಯಿತು. ಅಲ್ಲೊಬ್ಬ ಕಡ್ಡಿಯಂಥ ಮನುಷ್ಯ ಬೆನ್ನ ಮೇಲೆ ಏಣಿ ಹೊತ್ತು, ಹಲ್ಲಿನಲ್ಲಿ ಮೊಳೆ ಕಚ್ಚಿ, ಮಂಡಿಯವರೆಗೆ ಬಗ್ಗಿ ನಿಂತಿದ್ದ. ಬಾಯಿಂದ ಹೊರಟ ಗುಳ್ಳೆಯೊಳಗೆ ಬರೆದಿತ್ತು: ಯೆಸ್ ಸರ್, ಯೆಸ್ ಸರ್, ಯೆಸ್ ಸರ್.

ಅವನ ನಗು ಅಲ್ಲೇ ಇಂಗಿತು.

“ಏನ್ರಿ ಗಲಾಟೆ?” ಮೂರ್ತಿಗಳು ಬಂದೇಬಿಟ್ಟರು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅವರು ಹಾಳೆಯ ಹತ್ತಿರ ಮುಖವಿಟ್ಟು ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು.

“ಅಯ್ಯೋ ಲಕ್ಷ್ಮೀಶ! ನೀವೇ ಕಣ್ರಿ! ಏಣಿ ಸಮೇತ! ಯಾರ್ರೀ ಬರ್ದಿದ್ದು? ಭಲೇ ಬರ್ದಿದಾರೆ.”

“ಮುಂದೆ ಕೂತಿರೋದು, ಸರ್...” ಎಂದು ಲಕ್ಷ್ಮೀಶ ಶುರುಮಾಡಿದ.

“ಅದು ಫ್ರೇಮಲ್ಲಿರೋ ಇಂಗ್ಲಿಷಿನವನಲ್ವಾ, ಬಿಡಿ. ಆದ್ರೆ ನೀವು ಇದೀರಲ್ಲ, ಅಬ್ಬಬ್ಬ!” ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಎರಡೂ ಫೋನುಗಳು ಬಡಿದುಕೊಂಡವು. ಎರಡನ್ನೂ ಕಿವಿಗೇರಿಸಿಕೊಂಡು ಹೊರಟುಹೋದರು. ಹಿಂದೆ ಯಾರೋ ಕೆಮ್ಮಿದರು.

ಸಂಜೆ ಮನೆಗೆ ಬಂದವನು ಶೂ ಕೂಡ ಬಿಚ್ಚಲಿಲ್ಲ. “ನಾನು ಹಾಗಿದೀನೇನೇ? ಇಡೀ ಆಫೀಸಿನ ಮುಂದೆ ಮಾನ ತೆಗೆದೆಯಲ್ಲ!”

ನಿಕಿತಾಳ ಮುಖ ಸಣ್ಣದಾಯಿತು. “ಸಾರಿ ಅಪ್ಪ. ಐ ಓನ್ಲಿ ಗೇವ್ ಇಟ್ ಟು ಸೆಲಿನ್.” ಆಮೇಲೆ ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು, “ಮನೇಲಿ ನೀನು ಎಷ್ಟು ಬೈತೀಯ ಅವರಿಗೆ. ಶನಿವಾರ ನಾನೇ ನೋಡ್ದೆ. ಅಲ್ಲಿ ನೀನು ಏನೂ ಹೇಳಲ್ಲ.”

ಲಕ್ಷ್ಮೀಶ ಬಾಲ್ಕನಿಗೆ ಹೋಗಿ ನಿಂತ. ಮೂರ್ತಿಗಳ ಮೇಲೆ ಸಿಟ್ಟು ಬಂತು, ಮಗಳ ಮೇಲೆ ಬಂತು. ಆದರೆ ಬಗ್ಗಿದ ಆ ಬೆನ್ನನ್ನು ಅವಳು ಕಣ್ಣಾರೆ ಕಂಡೇ ಬರೆದಿದ್ದಳು. ಅದಕ್ಕೆ ಯಾರ ಮೇಲೆ ಸಿಟ್ಟಾಗುವುದೆಂದು ಅವನಿಗೆ ತಿಳಿಯಲಿಲ್ಲ.

ಬುಧವಾರ ಮೂರ್ತಿಗಳು ಮತ್ತೆ ಕರೆದರು. ಚಿತ್ರ ಎರಡಂಗುಲ ಮೇಲಾಗಬೇಕಿತ್ತು.

“ಆಗಲ್ಲ ಸರ್,” ಅಂದ ಲಕ್ಷ್ಮೀಶ. “ಅದು ನಮ್ಮನ್ನ ಲೂಟಿ ಹೊಡೆದವನ ಚಿತ್ರ. ಮೇಡಂ ಬಂದು ಕೇಳಿದ್ರೆ ನಾನು ಏನಂತ ಹೇಳ್ಲಿ? ಇರ್ಲೇಬೇಕು ಅಂದ್ರೆ ಕೆಳಗೆ ವಿವರ ಹಾಕಿಸ್ತೀನಿ. ಇಲ್ಲಾಂದ್ರೆ ಇವತ್ತೇ ಇಳಿಸ್ತೀನಿ. ಎರಡರಲ್ಲಿ ಒಂದು.”

ಈ ಮನುಷ್ಯನಿಗೆ ಹೀಗೂ ಮಾತು ಬರುತ್ತದೆಯೆಂದು ಆರು ವರ್ಷದಲ್ಲಿ ಮೂರ್ತಿಗಳಿಗೆ ಗೊತ್ತಿರಲಿಲ್ಲ. “ಏನಾದ್ರೂ ಮಾಡ್ಕೊಳ್ರಿ,” ಅಂದರು. ಸೆಲಿನ್ ವಿವರ ಬರೆದುಕೊಟ್ಟಳು. ಲಕ್ಷ್ಮೀಶ ಅಚ್ಚು ಹಾಕಿಸಿ ಆರೂ ಚಿತ್ರಗಳ ಕೆಳಗೆ ಅಂಟಿಸಿದ.

ಶುಕ್ರವಾರ ಶಾಂತಾ ಮೇಡಂ ಬಂದವರು ಮೀಟಿಂಗ್ ಶುರುವಾಗುವ ಮೊದಲು ಒಂದೊಂದನ್ನೂ ನಿಂತು ಓದಿದರು. ಧಡೂತಿಯ ಚಿತ್ರದ ಮುಂದೆ ಜೋರಾಗಿ ನಕ್ಕರು. “ನಮ್ಮನ್ನ ದೋಚಿದವನನ್ನ ನಮ್ಮ ಬೋರ್ಡ್ ರೂಮಲ್ಲೇ ನಗೆಪಾಟಲು ಮಾಡಿದೀರಲ್ಲ! ಎಲ್ಲ ಆಫೀಸಲ್ಲೂ ಅದೇ ಸೂರ್ಯಾಸ್ತದ ಫೋಟೋ ನೋಡಿ ಸಾಕಾಗಿತ್ತು. ಯಾರ ಐಡಿಯಾ ಇದು?”

“ನಂದೇ ಮೇಡಂ,” ಅಂದರು ಮೂರ್ತಿಗಳು, ರೆಪ್ಪೆ ಬಡಿಯದೆ.

ಲಕ್ಷ್ಮೀಶನ ಕಿವಿಯವರೆಗೂ ರಕ್ತ ಏರಿತು. ಬಾಗಿಲಲ್ಲಿ ಟೀ ಟ್ರೇ ಹಿಡಿದಿದ್ದ ಸೆಲಿನ್ ಅವನನ್ನೇ ನೋಡುತ್ತಿದ್ದಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಮೇಡಂ ಏರ್‌ಪೋರ್ಟಿಗೆ ಹೊರಟ ಮೇಲೆ ಮೂರ್ತಿಗಳು ಅವನ ಹೆಗಲು ತಟ್ಟಿದರು. “ನೋಡಿದ್ರಾ? ನಾನು ಆವಾಗ್ಲೇ ಹೇಳಿರ್ಲಿಲ್ವಾ? ಇಂಥವು ಇನ್ನೂ ಆರು ಎಲ್ಲಾದ್ರೂ ಸಿಗುತ್ತಾ ನೋಡ್ರಿ.”

“ನೀವೇ ನೋಡಿ ಸರ್,” ಅಂದ ಲಕ್ಷ್ಮೀಶ. “ನಿಮ್ಮ ಟೇಸ್ಟು ಯಾರಿಗೂ ಬರಲ್ಲ.”

“ಅದೂ ನಿಜವೇ,” ಎಂದು ಮೂರ್ತಿಗಳು ತಲೆಯಾಡಿಸಿದರು.