ಸುಣ್ಣದ ಕೆಳಗಿನ ಗೆರೆ

"ಏ ಮುದುಕಿ, ಏನೇ ಅದು, ದೇವ್ರಿಗೆ ಎಡೆ ಇಟ್ಟಂಗೆ ಚೂರು ಹೂಳು ಹಾಕ್ಕೊಂಡು ಬತ್ತಿದೀಯ? ತುಂಬೇ, ಬೇವರ್ಸಿ. ನಿಮ್ಮಪ್ಪನ ಮನೆ ಕೆಲ್ಸ ಅಂದ್ಕೊಂಡ್ಯಾ?"

ರಾಜಕಾಲುವೆಯ ದಂಡೆಯ ಮೇಲೆ ಕೊಡೆ ಹಿಡಿದು ಕೂಗುತ್ತಿದ್ದವನು ಮೇಸ್ತ್ರಿ ಶಿವಬಸಪ್ಪ. ಕೆಳಗೆ ಮೊಣಕಾಲುದ್ದ ಕೊಚ್ಚೆಯಲ್ಲಿ ಬಾಂಡ್ಲಿ ಹೊತ್ತು ನಿಂತವಳು ಪಾಪಮ್ಮ. ವಿಜಯನಗರದ ಕಡೆಯಿಂದ ಇಳಿದು ಬರುವ ಕೊಳೆಯೆಲ್ಲ ಮೈಸೂರು ರಸ್ತೆಯತ್ತ ಹೋಗುವುದು ಈ ಕಾಲುವೆಯಲ್ಲೇ. ಅದರ ಹೂಳೆತ್ತುವುದು ಅವಳ ಕೂಲಿ. ಸತ್ತ ನಾಯಿ, ಒಡೆದ ಗಾಜು, ಹೆಂಗಸರ ಬಟ್ಟೆ, ಕೈಗೆ ಏನೇ ಸಿಗಲಿ, ಮುಖ ಸಿಂಡರಿಸುವಂತಿಲ್ಲ. ಸಿಂಡರಿಸಿದರೆ ನಾಳೆ ಆ ಬಾಂಡ್ಲಿ ಇನ್ನೊಬ್ಬಳ ತಲೆಯ ಮೇಲೆ.

ಬೈಗುಳ ಅವಳ ಕಿವಿಗೆ ಬೀಳಲೇ ಇಲ್ಲ. ಎದುರು ದಂಡೆಯಲ್ಲಿ, ಲೇಔಟಿನ ಕಾಂಪೌಂಡಿಗೆ ತಾಗಿ, ಹಳದಿ ಕಂಬವೊಂದನ್ನು ನೆಡುತ್ತಿದ್ದರು. ಅದರ ತುದಿಯ ಡಬ್ಬ ನೀರನ್ನೇ ನೋಡುತ್ತಿತ್ತು. ಈ ದಂಡೆಯ ತಡೆಗೋಡೆ ಒಡೆದು ಒಂದು ಕಬ್ಬಿಣದ ಬಾಗಿಲನ್ನೂ ಕೂರಿಸಿದ್ದರು. ಅದಕ್ಕೊಂದು ತಿರುಗಿಸುವ ಚಕ್ರ.

"ಅದೇನ್ ಸಾಮಿ ಕಂಬ?"

"ಕಂಪ್ಯೂಟ್ರು ಕಣೇ. ಮಾಗಡಿ ರೋಡಲ್ಲಿ ಮಳೆ ಬಿದ್ರೆ ಇಲ್ಲಿ ಎಷ್ಟೊತ್ತಿಗೆ ನೀರು ಬತ್ತದೆ ಅಂತ ಮುಂಚೇನೇ ಹೇಳ್ತದೆ. ಲೇಔಟ್‌ನೋರ ಮೊಬೈಲಿಗೆಲ್ಲಾ ಮೆಸೇಜ್ ಓಗ್ತದೆ. ಕಾರು ಗೀರು ಮೇಲಕ್ಕೆ ತಗೊಂಡೋಗ್ತಾರೆ."

"ನಮ್ ಸಾಲಿಗೆ?"

"ನಿಮ್ ಸಾಲಲ್ಲಿ ಯಾವಳತ್ರ ಐತೆ ಕಾರು?"

ಮೇಸ್ತ್ರಿ ನಕ್ಕ. ಹೂಳೆತ್ತುವವರೂ ನಕ್ಕರು. ಪಾಪಮ್ಮನೂ ನಕ್ಕಳು. ನಗದೆ ಏನು ಮಾಡಿಯಾಳು, ಕೂಲಿ ಕೊಡುವವನು ನಕ್ಕಿದ್ದಾನೆ.

"ಆ ಬಾಗ್ಲು ಯಾತಕ್ ಸಾಮಿ?"

"ನೀರು ಉಕ್ಕಿದ್ರೆ ಲೇಔಟಿಗೆ ನುಗ್ದಂಗೆ ಈ ಕಡೀಕೆ ಬಿಡಾಕೆ. ಈ ಕಡೆ ಬಿಟ್ರೆ ಏನೂ ಆಗಲ್ಲ ಅಂತ ಕಂಪ್ಯೂಟ್ರೇ ಹೇಳೈತಂತೆ."

ಪಾಪಮ್ಮ ತಿರುಗಿ ಈಚೆ ದಂಡೆಯತ್ತ ನೋಡಿದಳು. ಈ ಕಡೆ ಅಂದರೆ ಅವಳ ಸಾಲು. ಶೀಟು ಹೊದಿಸಿದ ಮನೆಗಳು, ಬೆನ್ನಿಗೆ ಕಾಲುವೆ. ಅವುಗಳಲ್ಲೊಂದರಲ್ಲಿ ಅವಳ ಮಗಳು ಪುಟ್ಟಲಕ್ಷ್ಮಿ, ಹೊಟ್ಟೆ ಕೊಯ್ಸಿಕೊಂಡ ಹಸಿ ಬಾಣಂತಿ, ಗೋಡೆ ಹಿಡಿಯದೆ ಎದ್ದು ಕೂರಲಾರಳು. ಪಕ್ಕದಲ್ಲಿ ಹಳೇ ಸೀರೆಯ ಜೋಲಿ, ಜೋಲಿಯಲ್ಲಿ ಹೆಣ್ಣು ಕೂಸು. ಹೆಣ್ಣು ಎಂದು ಕೇಳಿದ ಅಳಿಯ ಇತ್ತ ತಲೆ ಹಾಕಿಲ್ಲ. ನೀರು ಬಂದರೆ ಅವರಿಬ್ಬರನ್ನೂ ರಸ್ತೆಗೆ ಹೊತ್ತೊಯ್ಯಬೇಕಾದವಳು ಪಾಪಮ್ಮ, ಮತ್ತು ಪಾಪಮ್ಮ ಹಗಲೆಲ್ಲ ಇಲ್ಲಿ ಕೊಚ್ಚೆಯಲ್ಲಿ.

ಕಂಪ್ಯೂಟರು ಯಾಕೆ ಹಾಗೆ ಹೇಳಿತು ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು.

ಬೇಸಿಗೆಯಲ್ಲಿ ಸಾಲಿಗೊಂದು ಸುದ್ದಿ ಬಂದಿತ್ತು, ಆಫೀಸಿನವರು ಮನೆ ನೋಡಲು ಬರುತ್ತಾರೆ ಎಂದು. ಹಕ್ಕುಪತ್ರಕ್ಕೇ ಇರಬೇಕು ಅಂದುಕೊಂಡರು ಎಲ್ಲರೂ. ಇನ್ಯಾವ ಕಾರಣಕ್ಕೆ ಯಾರು ಬಂದಿದ್ದರು ಆ ಸಾಲಿಗೆ? ನೀರು ಇಳಿದ ಮೇಲೆ ಗೋಡೆಗೆ ಸುಣ್ಣ ಹೊಡೆದು, ಗಂಗಮ್ಮನಿಗೆ ತಂಬಿಟ್ಟಿನ ಆರತಿ ಎತ್ತುವುದು ಅವರಲ್ಲಿ ಮೊದಲಿನಿಂದಲೂ ನಡೆದುಕೊಂಡು ಬಂದದ್ದು. ಕೊಚ್ಚೆಯ ಗೆರೆ ಗೋಡೆಯ ಮೇಲೆ ಉಳಿದರೆ ಆ ಮನೆಗೆ ಹೆಣ್ಣು ಕೊಡುವವರಿಲ್ಲ. ಈ ಸಲ ಆಫೀಸಿನವರಿಗಾಗಿ ಇನ್ನೊಂದು ಕೈ ಸುಣ್ಣ ಹೊಡೆದರು. ಪಾಪಮ್ಮ ಮೂಲೆ ಮೂಲೆಗೂ ತಾನೇ ಬಳಿದಳು.

ಬಂದವಳು ಚೇತನಾ ಎಂಬ ಹುಡುಗಿ, ಕೈಯಲ್ಲಿ ಟೇಪು, ಮುಖದಲ್ಲಿ ಬೆವರು. ಪಾಪಮ್ಮ ಕೊಟ್ಟ ನೀರನ್ನು ಕುಡಿಯದೆ ತನ್ನ ಬಾಟಲಿಯದನ್ನೇ ಕುಡಿದಳು. ಕೆಟ್ಟವಳಲ್ಲ ಪಾಪ, ನಗುತ್ತಲೇ ಕೇಳಿದಳು:

"ಆಂಟಿ, ಮಳೆ ಬಂದಾಗ ಮನೇಲಿ ನೀರು ಎಲ್ಲೀವರ್ಗೂ ಬರುತ್ತೆ?"

"ನಮ್ ಮನೇಗೆ ನೀರೇ ಬರಕ್ಕಿಲ್ಲ ಕಣವ್ವ. ನೋಡು ಬೇಕಾದ್ರೆ."

ಬರುತ್ತದೆ ಅಂದರೆ ಅಪಾಯದ ಜಾಗ, ಖಾಲಿ ಮಾಡಿ ಅನ್ನುತ್ತಾರೆ. ಕೆಂಗೇರಿಯಾಚೆ ಎಲ್ಲೋ ಬಯಲಿಗೆ ಲಾರಿಯಲ್ಲಿ ತುಂಬಿ ಎಸೆದವರ ಕಥೆ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿ ಗೋಡೆ ಮುಟ್ಟಿ ನೋಡಿದಳು. ಬೆರಳಿಗೆ ಬಿಳಿ ಹತ್ತಿತು, ಅಷ್ಟೆ. ಪ್ರತಿ ಮನೆಯಲ್ಲೂ ಅದೇ ಮಾತು, ಅದೇ ಬಿಳಿ.

ಕಂಬ ನೆಟ್ಟ ಮಾರನೆಯ ದಿನ ಪಾಪಮ್ಮ ಕೆಲಸ ಬಿಟ್ಟು ಆಫೀಸಿಗೆ ಹೋದಳು. ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದರೂ ಬಾಗಿಲಲ್ಲಿ ಪ್ಯೂನು ಮೂಗು ಮುಚ್ಚಿಕೊಂಡ. ಊಟದ ಹೊತ್ತು ಕಳೆದ ಮೇಲೆ ಎಂಜಿನಿಯರು ಒಳಗೆ ಕರೆದ. "ಅಲ್ಲೇ, ಮ್ಯಾಟ್ ಮೇಲೆ ನಿಂತ್ಕೊ," ಅಂದ. ಚೇತನಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಲೇಔಟು ಕೆಂಪಗಿತ್ತು, ಕಾಲುವೆಯ ಈಚೆ ಬದಿ ಹಸಿರಾಗಿತ್ತು.

"ಸಾಮಿ, ಆ ಬಾಗ್ಲು ತಗೀಬ್ಯಾಡಿ. ಮನೇಲಿ ಹಸಿ ಬಾಣಂತಿ ಅವ್ಳೆ."

"ನೋಡಮ್ಮ, ಇದು ನಾನು ಹೇಳೋದಲ್ಲ. ಕೃತಕ ಬುದ್ಧಿ ಅಂತಾರೆ ಇದಕ್ಕೆ. ಹಳೇ ಮಳೆ, ನೀರು ನುಗ್ಗಿದ್ ಜಾಗ ಎಲ್ಲಾ ಹಾಕಿದೀವಿ, ಅದೇ ಕಲಿಯುತ್ತೆ. ನಿಮ್ ಕಡೆ ಒಂದು ಸಲಾನೂ ನೀರು ಬಂದಿಲ್ಲ. ಹೇಳಿದ್ದು ನೀವೇ."

"ಸುಳ್ ಹೇಳಿದ್ವಿ ಸಾಮಿ. ಎದೆಮಟ್ಟ ಬಂದೈತೆ. ಸುಣ್ಣ ಹೊಡ್ದಿದ್ವಿ."

"ಆವಾಗ ಸುಳ್ಳು, ಈಗ ನಿಜಾನಾ? ದಿನಕ್ಕೊಂದು ಹೇಳಿದ್ರೆ ಯಾವುದ್ನ ಹಾಕೋಣ ಇದಕ್ಕೆ?"

ಚೇತನಾ ಮೆಲ್ಲಗೆ, "ಸಾರ್, ಇನ್ನೊಂದ್ಸಲ ಸರ್ವೆ ಮಾಡ್ಬೋದು..." ಅಂದಳು. ಎಂಜಿನಿಯರು ಅವಳತ್ತ ತಿರುಗಲೂ ಇಲ್ಲ.

"ಆಯ್ತಮ್ಮ, ಕೆಂಪು ಮಾಡ್ತೀನಿ. ಕೆಂಪಾದ್ರೆ ಅಪಾಯದ ಜಾಗ ಅಂತ ಮೊದ್ಲು ನಿಮ್ಮನ್ನ ಎಬ್ಬಿಸ್ಬೇಕಾಗುತ್ತೆ. ಮಾಡ್ಲಾ? ಸಾಲಿನೋರನ್ನೆಲ್ಲ ಕೇಳ್ಕೊಂಡ್ ಬಾ."

ಪಾಪಮ್ಮ ಸಾಲಿಗೆ ಬಂದು ಹೇಳಿದರೆ ಸಾಲೇ ಅವಳ ಮೇಲೆ ಬಿದ್ದಿತು. "ನಿನ್ನ ಒಬ್ಳು ಮಗ್ಳಿಗೋಸ್ಕರ ನಮ್ನೆಲ್ಲಾ ಬೀದಿಗಾಕ್ತೀಯೇನೇ ಲೌಡಿ?" ಎಂದು ಪಕ್ಕದ ಮನೆಯ ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡೇ ಬಂದಳು. ಅವಳದೂ ತಪ್ಪಲ್ಲ. ಪಾಪಮ್ಮ ಜೋಲಿಯ ಹಗ್ಗವನ್ನು ತೊಲೆಗೆ ಎಷ್ಟು ಮೇಲಕ್ಕೆ ಕಟ್ಟಬಹುದೋ ಅಷ್ಟು ಮೇಲಕ್ಕೆ ಕಟ್ಟಿದಳು. ಇನ್ನು ಅವಳಿಂದ ಆಗುವುದು ಏನೂ ಇರಲಿಲ್ಲ.

ಮಳೆ ಬಂದದ್ದು ಒಂದು ಸಂಜೆ, ಮಾಗಡಿ ರಸ್ತೆಯ ಕಡೆ. ಇತ್ತ ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಕಾಲುವೆಯಲ್ಲಿ ಹೂಳೆತ್ತುತ್ತಿದ್ದವರಿಗೆ ಲೇಔಟಿನಲ್ಲಿ ಒಂದರ ಹಿಂದೊಂದು ಕಾರು ಶುರುವಾಗುವ ಸದ್ದು ಕೇಳಿಸಿತು. ಕಾರುಗಳು ಸಾಲಾಗಿ ಏರಿನ ರಸ್ತೆ ಹಿಡಿದವು. ಒಬ್ಬ ಹೆಂಗಸು ನಾಯಿಯನ್ನು ಎತ್ತಿಕೊಂಡು ಮಹಡಿ ಹತ್ತಿದಳು. ಕಂಪ್ಯೂಟರು ಲೇಔಟಿಗೆ ಸರಿಯಾಗೇ ಹೇಳಿತ್ತು.

ಪಾಪಮ್ಮ ಬಾಂಡ್ಲಿ ಬಿಸಾಡಿ ದಂಡೆ ಹತ್ತಿದಳು. ಅಷ್ಟರಲ್ಲೇ ಕಾಲುವೆಯ ಮೇಲಿನಿಂದ ನೀರಿನ ಮೊರೆತ ಕೇಳಿಸಿತು. ಮನೆಗೆ ಓಡಬೇಕೋ ಕಬ್ಬಿಣದ ಬಾಗಿಲಿನ ಹತ್ತಿರ ಓಡಬೇಕೋ ತಿಳಿಯಲಿಲ್ಲ. ಬಾಗಿಲು ಹತ್ತಿರವಿತ್ತು. ಚಕ್ರದ ಪಕ್ಕ ಗುಡಿಸಲಿನಷ್ಟು ಕೋಣೆಯಲ್ಲಿ ವಾಚ್‌ಮನ್ ಮಡಿವಾಳಪ್ಪ ಕೂತಿದ್ದ. ಗದಗಿನ ಕಡೆಯಿಂದ ಹೆಂಡತಿ ಮಕ್ಕಳೊಂದಿಗೆ ಬಂದವನು. ಗೋಡೆಯ ಕೆಂಪು ದೀಪ ಆಗಲೇ ಹತ್ತಿತ್ತು.

"ತಿರುಗಿಸ್ಬ್ಯಾಡ ಕಣಪ್ಪ. ಕೂಸೈತೆ ಮನೇಲಿ. ಅವ್ರನ್ನ ಹೊರ್ಗೆ ತಂದ್‌ಬುಡ್ತೀನಿ, ಆಮ್ಯಾಕೆ ತಿರುಗ್ಸು."

"ದೀಪ ಹತ್ತಿದ ಕೂಡ್ಲೆ ತಿರುವಬೇಕಂದಾರ ಯಕ್ಕಾ. ತಿರುವಲಿಲ್ಲ ಅಂದ್ರ ಆಫೀಸಿನ್ಯಾಗ ಗೊತ್ತಾಕ್ಕೈತಿ. ನನ್ನ ಕೈಯಾಗ ಏನೈತಿ ಹೇಳ."

ಅವಳು ಅವನ ಕಾಲು ಹಿಡಿದಳು. ಅವನು ಕಾಲು ಬಿಡಿಸಿಕೊಳ್ಳಲಿಲ್ಲ. "ನೀ ಓಡ, ಓಡ. ಆದಷ್ಟು ತಡಾ ಮಾಡ್ತೀನಿ," ಎಂದ. ಅವಳು ಓಡಿದಳು. ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಓಡುತ್ತಲೇ ತಿರುಗಿ ನೋಡಿದಾಗ ಮಡಿವಾಳಪ್ಪ ಅಳುತ್ತ ಚಕ್ರ ತಿರುವುತ್ತಿದ್ದ.

ಪ್ರತಿ ಸಲ ನೀರು ಹೊಸ್ತಿಲ ಕೆಳಗಿನಿಂದ ಜಿನುಗಿ, ಪಾತ್ರೆ ಎತ್ತಿಡಲು ಹೊತ್ತು ಕೊಟ್ಟು, ಆಮೇಲೆ ಏರುತ್ತಿತ್ತು. ಈ ಸಲ ಅದು ಒಂದೇ ಏಟಿಗೆ ಬಂತು. ಪಾಪಮ್ಮ ಸಾಲು ಮುಟ್ಟುವಾಗ ಸೊಂಟದವರೆಗಿತ್ತು, ಮನೆ ಮುಟ್ಟುವಾಗ ಎದೆಯವರೆಗೆ. ಬಾಗಿಲು ತೆರೆಯಲಿಲ್ಲ. ಮುನಿತಾಯಮ್ಮನ ಗಂಡ ಶೀಟು ಕಿತ್ತು ಮೇಲಿನಿಂದ ಇಳಿದು ಪುಟ್ಟಲಕ್ಷ್ಮಿಯನ್ನು ಎತ್ತಿದ. ಹೊಲಿಗೆ ಬಿಚ್ಚಿಹೋಗಿ ರಕ್ತ ಸುರಿಯುತ್ತಿತ್ತು. ಅವಳು ಎರಡೂ ಕೈಯಲ್ಲಿ, ಹಗ್ಗ ಕಿತ್ತುಬಂದ ಜೋಲಿಯ ಸೀರೆಯನ್ನು ಅವುಚಿ ಹಿಡಿದಿದ್ದಳು. ಸೀರೆಯೊಳಗೆ ಕೂಸಿರಲಿಲ್ಲ. ಅದು ಸಿಕ್ಕಿದ್ದು ನೀರಿಳಿದ ಮೇಲೆ, ಒಲೆಯ ಮೂಲೆಯಲ್ಲಿ, ಬೋಸಿ ಪಾತ್ರೆಯ ಕೆಳಗೆ. ಹೆಸರಿಟ್ಟಿರಲಿಲ್ಲ ಇನ್ನೂ.

ಲೇಔಟಿಗೆ ಒಂದು ಹನಿ ನುಗ್ಗಲಿಲ್ಲ.

ಪುಟ್ಟಲಕ್ಷ್ಮಿಯನ್ನು ಆಸ್ಪತ್ರೆಗೆ ಸೇರಿಸಿ, ಕೂಸನ್ನು ಮಣ್ಣು ಮಾಡಿ ಬಂದ ಬೆಳಿಗ್ಗೆ ಸಾಲಿನಲ್ಲಿ ಶಿವಬಸಪ್ಪ ನಿಂತಿದ್ದ. ಜೊತೆಗೆ ಸುಣ್ಣದ ಡ್ರಮ್ಮು, ಕುಂಚ ಹಿಡಿದ ಆಳುಗಳು. ಕಂಬ ಚೆನ್ನಾಗಿ ಕೆಲಸ ಮಾಡಿದ್ದನ್ನು ನೋಡಲು ದೊಡ್ಡವರು ಬರುವವರಿದ್ದರು. ಸಾಲು ರಸ್ತೆಗೆ ಕಾಣುತ್ತದೆ, ಗಲೀಜು ಕಾಣಬಾರದು. ಪ್ರತಿ ಗೋಡೆಯ ಮೇಲೂ ಕುತ್ತಿಗೆಯ ಎತ್ತರಕ್ಕೆ ಕಪ್ಪು ಗೆರೆ ಎಳೆದಿತ್ತು. ಒಂದೊಂದಾಗಿ ಬಿಳಿಯಾಗುತ್ತ ಬಂದವು. ಯಾರೂ ಬೇಡ ಅನ್ನಲಿಲ್ಲ. ಹೊಡೆಯಬೇಕಾದದ್ದೇ ತಾನೆ, ಮುನಿತಾಯಮ್ಮ ಆರತಿಗೆ ಅಕ್ಕಿ ನೆನೆಹಾಕಿದ್ದಳು.

ಪಾಪಮ್ಮ ತನ್ನ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಳು.

"ಸರ್ಕೊಳ್ಳೇ."

"ಸರ್ಕೊಳಕ್ಕಿಲ್ಲ. ಗೆರೆ ಇರ್ಲಿ. ಟೇಪಿಟ್ಟು ಅಳ್ತೆ ತಗೊಂಡೋಗಾಕೆ ಆ ಆಫೀಸಿನ್ ಹುಡ್ಗಿ ಬರ್ಲಿ."

"ನಾಳೆಯಿಂದ ಕೆಲ್ಸುಕ್ಕೆ ಬರ್ಬ್ಯಾಡ."

"ಓಗಲೋ ಬೇವರ್ಸಿ."

ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಅವನಿಗೆ ಹೋದದ್ದು ಅದೇ ಮೊದಲು. ಆಳು ಕುಂಚ ಹಿಡಿದು ಹಾಗೇ ನಿಂತ. ಶಿವಬಸಪ್ಪ ಕುಂಚ ಕಿತ್ತುಕೊಂಡು ಅದ್ದಿ ಹೊಡೆದ. ಗೋಡೆಗೆ, ಅವಳ ಕೈಗೆ, ಎದೆಗೆ, ಮುಖಕ್ಕೆ. ಸುಣ್ಣ ಕಣ್ಣಿಗೆ ಹೋಗಿ ಉರಿಯಿತು. ಪಾಪಮ್ಮ ಕಣ್ಣು ಮುಚ್ಚಿಕೊಂಡಳು, ಕೈ ಇಳಿಸಲಿಲ್ಲ.

ಹೊತ್ತೇರಿದ ಮೇಲೆ ಆಫೀಸಿನ ಜೀಪು ಬಂತು. ಸಾಲಿನ ಮುಂದೆ ನಿಧಾನವಾಯಿತು, ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಚೇತನಾ ಗಾಜಿಗೆ ಮುಖ ತಾಗಿಸಿ ನೋಡುತ್ತಿದ್ದಳೆಂದು ಮುನಿತಾಯಮ್ಮ ಆಮೇಲೆ ಹೇಳಿದಳು. ಪಾಪಮ್ಮನಿಗೆ ಅದು ಕಾಣಲಿಲ್ಲ. ಸುಣ್ಣ ಅವಳ ರೆಪ್ಪೆಯ ಮೇಲೆ ಒಣಗುತ್ತಿತ್ತು. ಬೆನ್ನ ಹಿಂದೆ, ಅವಳ ಮೈಯಗಲದಷ್ಟು ಗೆರೆ ಇನ್ನೂ ಹಸಿಯಾಗಿತ್ತು.